ಹಿಂಡಿನ ಸಿಮ್ಯುಲೇಶನ್‌ನಲ್ಲಿ ಹಠಾತ್ ಜಿಗಿತ ಏಕೆ ಕಾಣುವುದಿಲ್ಲ?

ಪ್ರಶ್ನೆ: ವಿಚೆಕ್ ಮಾದರಿಯನ್ನು (ಒಂದೇ ವೇಗದ ಕಣಗಳು ಪ್ರತಿ ಹೆಜ್ಜೆಗೂ ಹತ್ತಿರದ ಕಣಗಳ ಸರಾಸರಿ ದಿಕ್ಕಿಗೆ ತಿರುಗುವ ಹಿಂಡಿನ ಮಾದರಿ) 300 ಕಣಗಳೊಂದಿಗೆ ಪೈಥಾನ್‌ನಲ್ಲಿ ಬರೆದಿದ್ದೇನೆ. ನಾಯ್ಸ್ (ದಿಕ್ಕಿಗೆ ಸೇರಿಸುವ ಯಾದೃಚ್ಛಿಕ ಏರುಪೇರು) ಹೆಚ್ಚಿಸಿದಂತೆ ಹಿಂಡಿನ ಶಿಸ್ತು (ಕಣಗಳೆಲ್ಲ ಎಷ್ಟರಮಟ್ಟಿಗೆ ಒಂದೇ ದಿಕ್ಕಿಗೆ ಸಾಗುತ್ತಿವೆ ಎಂಬ ಅಳತೆ) ನಯವಾಗಿ ಇಳಿಯುತ್ತದೆ. ಆದರೆ ಈ ಫೇಸ್ ಟ್ರಾನ್ಸಿಶನ್ (ಶಿಸ್ತಿನ ಸ್ಥಿತಿಯಿಂದ ಅಸ್ತವ್ಯಸ್ತ ಸ್ಥಿತಿಗೆ ಬದಲಾವಣೆ) ಹಠಾತ್ತಾಗಿ ಆಗುತ್ತದೆಂದು ಓದಿದ್ದೇನೆ. ತಪ್ಪು ಎಲ್ಲಿದೆ?

ಉತ್ತರ: ಕೋಡ್ ಸರಿಯಿದ್ದರೂ ಹೀಗೇ ಬರುತ್ತದೆ, ನಿಮ್ಮ ಪೆಟ್ಟಿಗೆ (ಕಣಗಳು ಓಡಾಡುವ ಚೌಕ; ಒಂದು ಅಂಚು ದಾಟಿದ ಕಣ ಎದುರಿನ ಅಂಚಿನಿಂದ ಒಳಬರುತ್ತದೆ) ಚಿಕ್ಕದು. 1995ರಲ್ಲಿ ವಿಚೆಕ್ ಮತ್ತು ಸಂಗಡಿಗರಿಗೂ ಬದಲಾವಣೆ ನಯವಾಗಿಯೇ ಕಂಡಿತ್ತು. ದೊಡ್ಡ ವ್ಯವಸ್ಥೆಗಳಲ್ಲಿ ಜಿಗಿತವಿದೆ ಎಂದು 2004ರಲ್ಲಿ ಗ್ರೆಗ್ವಾರ್ ಮತ್ತು ಶಾಟೆ ತೋರಿಸಿದರು. ಶಿಸ್ತು ಮೂಡುವ ಅಂಚಿನಲ್ಲಿ ಕಣಗಳು ದಟ್ಟ ಪಟ್ಟಿಗಳಾಗಿ ಕೂಡಿ, ಪಟ್ಟಿಯ ಉದ್ದಕ್ಕೆ ಲಂಬವಾಗಿ ಸಾಗುತ್ತವೆ. ಉಳಿದ ಜಾಗದಲ್ಲಿ ವಿರಳವಾದ ಅಸ್ತವ್ಯಸ್ತ ಕಣಗಳಿರುತ್ತವೆ. ಪಟ್ಟಿ ಹುಟ್ಟಲು ಸ್ಥಳವಿಲ್ಲದಿದ್ದರೆ ಜಿಗಿತವೂ ಇಲ್ಲ.

ಮೊದಲು ಕೋಡ್ ಪರೀಕ್ಷಿಸಿ. ಕೋನಗಳ ನೇರ ಸರಾಸರಿ ಬೇಡ: 350 ಮತ್ತು 10 ಡಿಗ್ರಿಗಳ ಸರಾಸರಿ 180 ಎಂದು ಬಂದು ಕಣ ಹಿಂದಕ್ಕೆ ತಿರುಗುತ್ತದೆ. ಸೈನ್, ಕೊಸೈನ್‌ಗಳನ್ನು ಬೇರೆಬೇರೆಯಾಗಿ ಕೂಡಿಸಿ ಕೋನ ಪಡೆಯಿರಿ. ನೆರೆಯವರ ಲೆಕ್ಕದಲ್ಲಿ ಕಣ ತಾನೂ ಸೇರಿರಲಿ. ಎಲ್ಲ ಹೊಸ ಕೋನಗಳನ್ನೂ ಹಳೆಯ ಕೋನಗಳಿಂದಲೇ ಲೆಕ್ಕಹಾಕಿ, ನಂತರ ಒಟ್ಟಿಗೆ ಬದಲಿಸಿ. ನೆರೆಯವರನ್ನು ಹುಡುಕಲು ಸೈಪೈನ (ಪೈಥಾನ್ ಲೈಬ್ರರಿ) ಸಿಕೆಡಿಟ್ರೀ ಎಂಬ ಸಾಧನಕ್ಕೆ ಪೆಟ್ಟಿಗೆಯ ಅಳತೆ ಕೊಟ್ಟರೆ ಅಂಚು ದಾಟಿದ ದೂರವನ್ನು ಅದೇ ನೋಡಿಕೊಳ್ಳುತ್ತದೆ. ಆದರೆ ಅಂಚು ದಾಟಿದ ಕಣವನ್ನು ಒಳತರಲು ಅದರ ಸ್ಥಾನವನ್ನು ಪೆಟ್ಟಿಗೆಯ ಅಳತೆಯಿಂದ ಭಾಗಿಸಿ ಶೇಷ ತೆಗೆಯುವಾಗ, ಸ್ಥಾನ ಅತಿ ಸಣ್ಣ ಋಣ ಸಂಖ್ಯೆಯಾಗಿದ್ದರೆ ಕೆಲವೊಮ್ಮೆ ಪೆಟ್ಟಿಗೆಯ ಅಳತೆಯೇ ಉತ್ತರವಾಗಿ ಬಂದು ಎರರ್ ಬರುತ್ತದೆ. ಅದನ್ನು ಸೊನ್ನೆ ಮಾಡಿ.

ಸಾಂದ್ರತೆ 2, ವೇಗ 0.5, ನೆರೆಯ ತ್ರಿಜ್ಯ 1 ಇಟ್ಟು ಪೆಟ್ಟಿಗೆಯ ಬದಿಯನ್ನು 32, 64, 128, 256 ಹೀಗೆ ಏರಿಸಿ. ಕೊನೆಯದಕ್ಕೆ 1,31,072 ಕಣಗಳು ಬೇಕು. ಅಷ್ಟು ದೂರ ಹೋಗುವ ಮುನ್ನ ನಾಯ್ಸ್ ಸೇರಿಸುವ ರೀತಿ ಬದಲಿಸಿ ನೋಡಿ: ಸರಾಸರಿ ಕೋನಕ್ಕೆ ಸೇರಿಸುವ ಬದಲು, ನೆರೆಯವರ ವೆಕ್ಟರ್‌ಗಳ ಮೊತ್ತಕ್ಕೆ ನೆರೆಯವರ ಸಂಖ್ಯೆಗೆ ತಕ್ಕಷ್ಟು ಉದ್ದದ ಯಾದೃಚ್ಛಿಕ ವೆಕ್ಟರ್ ಕೂಡಿಸಿ. ಆಗ ಜಿಗಿತ ಸಾಕಷ್ಟು ಚಿಕ್ಕ ಪೆಟ್ಟಿಗೆಯಲ್ಲೇ ಕಾಣುತ್ತದೆ.

ಸರಾಸರಿ ಶಿಸ್ತನ್ನು ಮಾತ್ರ ನೋಡಬೇಡಿ. ಅಂಚಿನ ಹತ್ತಿರ ಅದರ ಹಿಸ್ಟೊಗ್ರಾಮ್ ಬಿಡಿಸಿ. ಎರಡು ಶಿಖರ ಮೂಡಿದರೆ ಜಿಗಿತದ ಗಟ್ಟಿ ಸುಳಿವು. ಈ ಹಂಚಿಕೆಯ ಆಕಾರವನ್ನು ಒಂದೇ ಅಂಕಿಯಲ್ಲಿ ಸೂಚಿಸುವ ಬೈಂಡರ್ ಸಂಖ್ಯೆಯೂ ನೆರವಾಗುತ್ತದೆ: ಶಿಸ್ತಿನ ನಾಲ್ಕನೇ ಘಾತದ ಸರಾಸರಿಯನ್ನು ವರ್ಗದ ಸರಾಸರಿಯ ವರ್ಗದ 3 ಪಟ್ಟಿನಿಂದ ಭಾಗಿಸಿ 1ರಿಂದ ಕಳೆಯಿರಿ. ಶಿಸ್ತಿದ್ದಾಗ 2/3, ಇಲ್ಲದಾಗ 1/3. ನಡುವೆ ಸೊನ್ನೆಗಿಂತ ಕೆಳಗೆ ಕುಸಿದರೆ ಬದಲಾವಣೆ ಹಠಾತ್ತಾದದ್ದು.

ಪಟ್ಟಿ ಹುಟ್ಟಲು ಬಹಳ ಹೊತ್ತು ಹಿಡಿಯಬಹುದು. ಅದೇ ನಾಯ್ಸ್‌ನಲ್ಲಿ ಒಮ್ಮೆ ಎಲ್ಲ ಕಣಗಳನ್ನೂ ಒಂದೇ ದಿಕ್ಕಿಗೆ ಇಟ್ಟು, ಇನ್ನೊಮ್ಮೆ ಚದುರಿಸಿ ಆರಂಭಿಸಿ. ಎರಡೂ ಓಟಗಳಲ್ಲಿ ಶಿಸ್ತು ಬೇರೆಬೇರೆ ಮೌಲ್ಯದಲ್ಲಿ ನಿಂತರೆ, ಓಟದ ಉದ್ದವನ್ನು 10 ಪಟ್ಟು ಹೆಚ್ಚಿಸಿ ಮತ್ತೆ ಅಳೆಯಿರಿ.