ಓಡುವ ಮೇಡಂಗೆ ಬಿಪಿ ಬಂದಾಗ

ಇವರನ್ನು ಶಾರದಾ ಎಂದು ಕರೆಯೋಣ. ನಿಜವಾದ ಹೆಸರು ಅದಲ್ಲ. ಗುರುತು ಹತ್ತುವಂಥ ಒಂದೆರಡು ವಿವರಗಳನ್ನೂ ಬದಲಿಸಿದ್ದೇನೆ. ಬರೆಯಬಹುದಾ ಎಂದು ಕೇಳಿದ್ದಕ್ಕೆ, "ಬರೀರಿ ಮೇಡಂ, ನನ್ನಂಗೆ ಒದ್ದಾಡೋರು ಇನ್ನೂ ಇರ್ತಾರೆ" ಎಂದರು.

ವಯಸ್ಸು 48. ಚಿತ್ರದುರ್ಗದ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್. ಕಾಲೇಜಿನಲ್ಲಿ ಖೋ-ಖೋ ಆಡಿದವರು. ಈಗಲೂ ಬೆಳಗಿನ ಜಾವ ಜೋಗಿಮಟ್ಟಿ ರಸ್ತೆಯಲ್ಲಿ ಓಡುತ್ತಾರೆ, ಸಂಜೆ ಮಕ್ಕಳ ಜೊತೆ ಮೈದಾನದಲ್ಲಿರುತ್ತಾರೆ, ರಜೆ ಸಿಕ್ಕರೆ ಕೋಟೆ ಹತ್ತುತ್ತಾರೆ. ತೂಕ ಹೆಚ್ಚಿಲ್ಲ, ಸಕ್ಕರೆ ಕಾಯಿಲೆ ಇಲ್ಲ. ಶಿಕ್ಷಕರ ತರಬೇತಿಯೊಂದರಲ್ಲಿ ಆರೋಗ್ಯ ತಪಾಸಣೆ ಇಟ್ಟಿದ್ದರು. ಸುಮ್ನೆ ತಮಾಷೆಗೆ ಕೈ ಕೊಟ್ಟರು. 170/106 ಬಂತು. "ಮಿಷನ್ನೇ ಕೆಟ್ಟಿರಬೇಕು" ಎಂದು ಜೊತೆಯವರೆಲ್ಲ ನಕ್ಕರು. ಮಾರನೇ ದಿನ ಡಾಕ್ಟರ ಹತ್ತಿರ ಹೋದಾಗಲೂ ಹೆಚ್ಚುಕಮ್ಮಿ ಅಷ್ಟೇ ಇತ್ತು. ಡಾಕ್ಟರು ರಕ್ತ, ಮೂತ್ರ, ಇಸಿಜಿ ಎಲ್ಲ ಮಾಡಿಸಿದರು. ಕಿಡ್ನಿ, ಥೈರಾಯ್ಡ್ ಸರಿಯಾಗಿದ್ದವು. ದಿನಕ್ಕೊಂದು ಮಾತ್ರೆ ಬರೆದುಕೊಟ್ಟರು.

ಶಾರದಾ ಆ ಮಾತ್ರೆಯನ್ನು ಸ್ಕೂಟಿಯ ಡಿಕ್ಕಿಯಲ್ಲಿ ಬಚ್ಚಿಟ್ಟರು. ಮನಸ್ಸು ಬಂದ ದಿನ ನುಂಗಿದರು. (ದುರ್ಗದ ಬಿಸಿಲಿನಲ್ಲಿ ಡಿಕ್ಕಿ ಕುಲುಮೆಯಂತೆ ಕಾಯುತ್ತದೆ. ಮಾತ್ರೆ ಇಡುವ ಜಾಗ ಅದಲ್ಲ.) ಓಟದ ದೂರ ಜಾಸ್ತಿ ಮಾಡಿದರು. ಒಂದು ಬಿಪಿ ಮಿಷನ್ ಕೊಂಡು, ಹೊತ್ತಲ್ಲದ ಹೊತ್ತಿನಲ್ಲಿ ನೋಡಿಕೊಳ್ಳತೊಡಗಿದರು. ಒಂದು ರಾತ್ರಿ ಎದೆ ಡವಡವ ಎಂದಿತು, ಎದ್ದು ನೋಡಿದರೆ 188/112. ಮತ್ತೆ ನೋಡಿದರು, ಇನ್ನೂ ಏರಿತ್ತು. ಮನೆಯವರು ಗಾಬರಿಯಾಗಿ ಆಸ್ಪತ್ರೆಗೆ ಕರೆದೊಯ್ದರು. ಇಸಿಜಿ ಸರಿಯಾಗಿತ್ತು. ಸುಮ್ಮನೆ ಮಲಗಿಸಿದ ಮೇಲೆ ತಾನಾಗಿಯೇ 160ರ ಆಸುಪಾಸಿಗೆ ಇಳಿಯಿತು. ಅವರ ಡಾಕ್ಟರು ಮಾತ್ರೆಯ ಜೊತೆಗೆ, ಆಪ್ತಸಮಾಲೋಚಕಿಯಾದ ನನ್ನ ವಿಳಾಸವನ್ನೂ ಕೊಟ್ಟು ಕಳಿಸಿದರು.

ಮೊದಲ ದಿನ ಅವರು ಕುರ್ಚಿಯ ಅಂಚಿನಲ್ಲಿ ಕೂತು ಹೇಳಿದ್ದು ಕಾಯಿಲೆಯ ಬಗ್ಗೆ ಅಲ್ಲವೇ ಅಲ್ಲ.

"ನಮ್ಮ ಸ್ಟಾಫಲ್ಲಿ ಒಬ್ರು ಗೇಟಿಂದ ಕ್ಲಾಸಿಗೆ ನಡೆಯೋಕೂ ಏದುಸಿರು ಬಿಡ್ತಾರೆ. ಅವ್ರಿಗೆ ಏನೂ ಇಲ್ಲ. ಮೂವತ್ತು ವರ್ಷದಿಂದ ಓಡ್ತಿದೀನಿ, ನನಗೆ ಬಿಪಿ. ಇದು ಮೋಸ ಅಲ್ವಾ ಮೇಡಂ?"

ಇಂಥ ಮಾತಿಗೆ ಕೂಡಲೇ ಸಮಾಧಾನ ಹೇಳಬಾರದು ಎನ್ನುವುದು ನನ್ನ ಅಭಿಪ್ರಾಯ. ಕೋಪವನ್ನು ಅದರ ಪಾಡಿಗೆ ಬಿಡಬೇಕು. ಅವರು ಬೈದರು, ಅತ್ತರು, ಮತ್ತೆ ಬೈದರು. ಆಮೇಲೆ ಮೆಲ್ಲಗೆ ಇನ್ನೊಂದು ವಿಷಯ ಬಂತು. ಅವರ ಅಪ್ಪನಿಗೆ 53ನೇ ವಯಸ್ಸಿಗೆ ಲಕ್ವ ಹೊಡೆದಿತ್ತು. ಹೊಲದ ಕೆಲಸ ಮಾಡಿ ಗಟ್ಟಿಮುಟ್ಟಾಗಿದ್ದ ಮನುಷ್ಯ. ಹಾಸಿಗೆ ಹಿಡಿದವರನ್ನು ಕೊನೆಯವರೆಗೂ ನೋಡಿಕೊಂಡಿದ್ದು ಶಾರದಾ. ಅವರ ಓಟ ಶುರುವಾಗಿದ್ದು ಆಟದ ಪ್ರೀತಿಯಿಂದ. ಅಪ್ಪನ ನಂತರ ಅದು ಹರಕೆಯಾಗಿತ್ತು. ನಾನು ಓಡ್ತೀನಿ, ನನಗೆ ಹಂಗಾಗೋದು ಬೇಡ ಎಂದು ದೇಹದ ಜೊತೆ ಮಾಡಿಕೊಂಡ ಒಪ್ಪಂದ. ಈಗ ದೇಹ ಮಾತಿಗೆ ತಪ್ಪಿದೆ ಎಂಬುದು ಅವರ ಸಿಟ್ಟು.

ನಾನು ಹೇಳಿದೆ: "ಟೀಚರ್, ನೀವು ಮಾಡಿಕೊಂಡ ಒಪ್ಪಂದಕ್ಕೆ ದೇಹ ಸಹಿ ಹಾಕಿರಲಿಲ್ಲ." ಅಂದು ಮೊದಲ ಸಲ ನಕ್ಕರು.

ದಿನವೂ ಓಡಿದರೆ, ನಡೆದರೆ, ಬಿಪಿ ಇರುವವರಲ್ಲಿ ಮೇಲಿನ ಅಂಕಿ ಸಾಮಾನ್ಯವಾಗಿ 5ರಿಂದ 8ರಷ್ಟು ಇಳಿಯುತ್ತದೆ. ಇದು ಚಿಕ್ಕದಲ್ಲ. ಆದರೆ ಮನೆತನದಿಂದ ಬಂದದ್ದು, ವಯಸ್ಸು, ಮುಟ್ಟು ನಿಲ್ಲುವ ಕಾಲದ ಏರುಪೇರು, ಉಪ್ಪು, ನಿದ್ದೆ ಇವೆಲ್ಲ ಸೇರಿ ಮೇಲಕ್ಕೆ ಎಳೆಯುತ್ತಿರುವಾಗ ಆ 8 ಎಲ್ಲವನ್ನೂ ತಡೆಯಲಾರದು. ಓಟ ವ್ಯರ್ಥವಾಗಿಲ್ಲ, ಅಷ್ಟು ವರ್ಷ ಹೃದಯ ಗಟ್ಟಿಯಾಗಿರಲು ಅದೇ ಕಾರಣವಾಗಿರಬಹುದು ಎಂದೆ. ಇನ್ನೊಂದು ಸಂಗತಿಯನ್ನೂ ನೆನಪಿಸಿದೆ. ಬಿಪಿ "ದಿಢೀರನೆ" ಬಂತು ಎನ್ನುತ್ತೇವೆ, ಬಹಳ ಸಲ ದಿಢೀರನೆ ಆಗುವುದು ನಾವು ನೋಡಿದ್ದು ಮಾತ್ರ. ಶಾರದಾ ಅದಕ್ಕೂ ಮುಂಚೆ ಬಿಪಿ ನೋಡಿಸಿದ್ದು ಹೆರಿಗೆಯ ಕಾಲದಲ್ಲಿ. ನನಗ್ಯಾಕೆ ಅದೆಲ್ಲ ಎಂದು ಚಟುವಟಿಕೆಯ ಜನ ತಪಾಸಣೆಗೆ ಹೋಗುವುದೇ ಇಲ್ಲ.

ಒಂದು ವಾರ ಬಾಯಿಗೆ ಹೋಗುವ ಪ್ರತಿಯೊಂದನ್ನೂ ಬರೆದಿಡಲು ಹೇಳಿ ಕಳಿಸಿದೆ. ಊಟ, ತಿಂಡಿ, ಕಾಫಿ, ಮಾತ್ರೆ, ಕಷಾಯ, ಏನೂ ಬಿಡದೆ. ಈ ಪುಸ್ತಕದಿಂದ ಸಿಕ್ಕ ಮಾಹಿತಿ ಅಷ್ಟು ತಪಾಸಣೆಗಳಲ್ಲೂ ಸಿಕ್ಕಿರಲಿಲ್ಲ. ಪ್ರತಿದಿನ ಓಟ ಮುಗಿದ ಮೇಲೆ "ಮಂಡಿಗೆ ಒಂದು" ಎಂದು ಬರೆದಿದ್ದರು. ಏನದು ಎಂದರೆ, ಡೈಕ್ಲೋಫೆನಾಕ್. ತಿಂಗಳುಗಟ್ಟಲೆಯಿಂದ ಮೆಡಿಕಲ್ ಶಾಪಿನಲ್ಲಿ ಕೇಳಿ ತಂದು ನುಂಗುತ್ತಿದ್ದರು. ಡಾಕ್ಟರು "ಬೇರೆ ಮಾತ್ರೆ ತಗೋತೀರಾ" ಎಂದು ಕೇಳಿದ್ದರಂತೆ. ಇಲ್ಲ ಎಂದಿದ್ದರು.

"ಅದು ಕಾಯಿಲೆ ಮಾತ್ರೆ ಅಲ್ವಲ್ಲ ಮೇಡಂ, ನೋವಿಗೆ."

ಓಡುವವರು, ಜಿಮ್‌ಗೆ ಹೋಗುವವರು ಇದನ್ನು ಗಮನಿಸಬೇಕು. ಡೈಕ್ಲೋಫೆನಾಕ್, ಐಬುಪ್ರೊಫೆನ್ ಜಾತಿಯ ನೋವಿನ ಮಾತ್ರೆಗಳು ದೇಹದಲ್ಲಿ ಉಪ್ಪು-ನೀರು ಉಳಿಯುವಂತೆ ಮಾಡಿ ಬಿಪಿ ಏರಿಸುತ್ತವೆ. ಕೆಲವು ಬಿಪಿ ಮಾತ್ರೆಗಳ ಶಕ್ತಿಯನ್ನೂ ಕುಗ್ಗಿಸುತ್ತವೆ, ಅವುಗಳ ಜೊತೆ ಸೇರಿದರೆ ಕಿಡ್ನಿಗೆ ಪೆಟ್ಟಾಗಬಹುದು. ಮೂಗು ಕಟ್ಟಿದಾಗ ನುಂಗುವ ಕೆಲವು ಶೀತದ ಮಾತ್ರೆ, ಸ್ಟೀರಾಯ್ಡ್, ವ್ಯಾಯಾಮಕ್ಕೆ ಮುಂಚೆ ಹುರುಪಿಗೆಂದು ಕುಡಿಯುವ ಪುಡಿ ಕೂಡ ಬಿಪಿ ಏರಿಸಬಲ್ಲವು. ನೆರೆಮನೆಯವರು ಕೆಮ್ಮಿಗೆ ಒಳ್ಳೆಯದು ಎಂದು ಹೇಳಿದ ಅತಿಮಧುರದ ಕಷಾಯವೂ ಶಾರದಾ ಬರೆದ ಪುಸ್ತಕದಲ್ಲಿತ್ತು. ದಿನವೂ ಕುಡಿದರೆ ಅದೂ ಬಿಪಿ ಏರಿಸುತ್ತದೆ. ಇನ್ನು ಓಟದ ನಂತರ ದೊಡ್ಡ ಲೋಟದ ತುಂಬ ಉಪ್ಪು ಹಾಕಿದ ನಿಂಬೆ ಪಾನಕ. ಊಟಕ್ಕೆ ಉಪ್ಪಿನಕಾಯಿ, ಶೇಂಗಾ ಚಟ್ನಿ, ಸಂಜೆ ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ. ಇಡೀ ದಿನಕ್ಕೆ ಎಲ್ಲ ಸೇರಿ ಉಪ್ಪು 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಟೀ ಚಮಚ ಮೀರಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಇವರ ಪಾನಕವೇ ಅದರಲ್ಲಿ ಒಳ್ಳೆಯ ಪಾಲು ನುಂಗುತ್ತಿತ್ತು. ಬೆವರಿದರೆ ಉಪ್ಪು ಬೇಕು ಎಂಬ ನಂಬಿಕೆ ಗಂಟೆಗಟ್ಟಲೆ ಬಿಸಿಲಲ್ಲಿ ದುಡಿಯುವವರಿಗೆ ಸರಿ ಇರಬಹುದು. ತಂಪು ಹೊತ್ತಿನ ಮುಕ್ಕಾಲು ಗಂಟೆ ಓಟಕ್ಕೆ ನೀರೇ ಸಾಕು.

ಪುಸ್ತಕ ಹಿಡಿದು ಡಾಕ್ಟರ ಹತ್ತಿರ ಹೋಗಿ ಎಂದೆ. ಅವರು ನೋವಿನ ಮಾತ್ರೆ, ಕಷಾಯ ಎರಡನ್ನೂ ನಿಲ್ಲಿಸಿ, ಮಂಡಿಗೆ ಫಿಸಿಯೋಥೆರಪಿ ಬರೆದರು. ಬಿಪಿ ಸ್ವಲ್ಪ ಇಳಿಯಿತು. ಶಾರದಾ ಕುಣಿದಾಡಿಬಿಟ್ಟರು. "ಹಂಗಾದ್ರೆ ನನಗೆ ಬಿಪಿ ಇಲ್ಲ, ಅಲ್ವಾ?" ಆ ಪ್ರಶ್ನೆಗೆ ಹೌದು ಎನ್ನುವುದು ನನ್ನ ಕೆಲಸವಲ್ಲ. ಡಾಕ್ಟರನ್ನೇ ಕೇಳಿದರು. ಅಂಕಿ ಇಳಿದಿತ್ತು, ಆದರೆ 150ರ ಮೇಲೇ ನಿಂತಿತ್ತು. ಮಾತ್ರೆ ಬೇಕೇ ಬೇಕಾಯಿತು.

ಮಿಷನ್ನಿನ ಕಾಟ ಬಿಡಿಸಲು ಜಾಸ್ತಿ ಹೊತ್ತು ಹಿಡಿಯಿತು. ಸ್ಟಾಫ್ ರೂಮಿನಲ್ಲಿ, ಅಡುಗೆಮನೆಯಲ್ಲಿ, ಮೆಟ್ಟಿಲು ಹತ್ತಿ ಬಂದ ಕೂಡಲೇ, ಮಗನ ಜೊತೆ ಫೋನಿನಲ್ಲಿ ಜಗಳವಾಡಿದ ಕೂಡಲೇ ಪಟ್ಟಿ ಕಟ್ಟುತ್ತಿದ್ದರು. ಅಂಕಿ ನೋಡಿ ಭಯ, ಭಯಕ್ಕೆ ಇನ್ನಷ್ಟು ಏರಿಕೆ. ಆ ರಾತ್ರಿ ಆಗಿದ್ದೂ ಅದೇ. ಮಿಷನ್ ಯಜಮಾನರ ಬೀರುವಿಗೆ ಹೋಗಲಿ ಎಂದು ಮೂವರೂ ಕೂತು ತೀರ್ಮಾನಿಸಿದೆವು. ಬೆಳಿಗ್ಗೆ ಮಾತ್ರೆಗೆ, ಓಟಕ್ಕೆ ಮುಂಚೆ ಒಮ್ಮೆ, ರಾತ್ರಿ ಒಮ್ಮೆ ಹೊರಗೆ ಬರಬೇಕು. ನೋಡುವುದಕ್ಕೆ ಅರ್ಧ ಗಂಟೆ ಮುಂಚೆ ಕಾಫಿ-ಟೀ ಬೇಡ. ಮೂತ್ರಕ್ಕೆ ಹೋಗಿ ಬಂದು, ಬೆನ್ನಿಗೆ ಒರಗು ಕೊಟ್ಟು, ಪಾದ ನೆಲಕ್ಕೆ ಊರಿ, ಐದು ನಿಮಿಷ ಮಾತಾಡದೆ ಕೂರಬೇಕು. ಕೈ ಎದೆಯ ಮಟ್ಟಕ್ಕೆ ಮೇಜಿನ ಮೇಲಿರಲಿ, ಪಟ್ಟಿ ತೋಳಿನ ಬಟ್ಟೆಯ ಮೇಲೆ ಬೇಡ. ಒಂದು ನಿಮಿಷ ಬಿಟ್ಟು ಎರಡು ಸಲ ನೋಡಿ ಎರಡನ್ನೂ ಬರೆಯಬೇಕು, ಚೆನ್ನಾಗಿರೋದನ್ನ ಆರಿಸಬಾರದು. ಏಳು ದಿನ ಹೀಗೆ ಬರೆದು, ಮೊದಲ ದಿನದ್ದು ಬಿಟ್ಟು ಸರಾಸರಿ ತೆಗೆದರೆ ಡಾಕ್ಟರಿಗೆ ಉಪಯೋಗ. ಮನೆಯಲ್ಲಿ ಅದು 135/85ಕ್ಕಿಂತ ಕೆಳಗಿದ್ದರೆ ಹತೋಟಿಯಲ್ಲಿದೆ ಎಂದು ಲೆಕ್ಕ.

ರಾತ್ರಿ ಮತ್ತೆ ಏರಿದರೆ? ಇದನ್ನು ಒಂದು ಚೀಟಿಯಲ್ಲಿ ಬರೆಸಿ ಬೀರುವಿನ ಬಾಗಿಲಿಗೆ ಅಂಟಿಸಿದರು. 180/120 ದಾಟಿದ್ದು, ಜೊತೆಗೆ ಎದೆನೋವು, ಉಸಿರಾಟದ ತೊಂದರೆ, ಕಣ್ಣು ಮಂಜಾಗುವುದು, ಮಾತು ತೊದಲುವುದು, ಒಂದು ಕಡೆ ಕೈಕಾಲು ಸೋಲುವುದು ಇವುಗಳಲ್ಲಿ ಒಂದಿದ್ದರೂ ಕೂಡಲೇ 108ಕ್ಕೆ ಫೋನ್. ಈ ಲಕ್ಷಣ ಇದ್ದರೆ ಅಂಕಿ ಎಷ್ಟೇ ಇರಲಿ, ಹೊರಡಬೇಕು. ಲಕ್ಷಣ ಇಲ್ಲದೆ ಅಂಕಿ ಮಾತ್ರ ಏರಿದ್ದರೆ, ಶಾಂತವಾಗಿ ಕೂತು ಐದು ನಿಮಿಷ ಬಿಟ್ಟು ಮತ್ತೆ ನೋಡಿ, ಆಗಲೂ ಇಳಿಯದಿದ್ದರೆ ಅಂದೇ ಡಾಕ್ಟರಿಗೆ ತಿಳಿಸುವುದು. ತಾವಾಗಿಯೇ ಎರಡನೇ ಮಾತ್ರೆ ನುಂಗುವುದು ಬೇಡ.

ಓಟ ನಿಲ್ಲಿಸಬೇಕಾ ಎಂಬುದೇ ಅವರ ದೊಡ್ಡ ಚಿಂತೆ. ಅಂಕಿ ಹತೋಟಿಗೆ ಬರುವ ತನಕ ನಡಿಗೆ ಮಾತ್ರ ಎಂದಿದ್ದರು ಡಾಕ್ಟರು. ಇವರು ಅದನ್ನು ಶಿಕ್ಷೆ ಎಂದುಕೊಂಡರು. ನಿಜವಾಗಿ ಶಿಕ್ಷೆಯಾಗಿದ್ದು ಬಿಪಿ ಗೊತ್ತಾದ ಮೇಲಿನ ಆ ಓಟ. ದೇಹಕ್ಕೆ ಬುದ್ಧಿ ಕಲಿಸುತ್ತೇನೆ ಎಂದು ಹಲ್ಲು ಕಚ್ಚಿ ಓಡುತ್ತಿದ್ದರು. ಮಾತಾಡುತ್ತಾ ಹೋಗುವಷ್ಟು ವೇಗ ಸಾಕು ಎಂದು ಒಪ್ಪಿಸಲು ಯಜಮಾನರನ್ನೇ ಜೊತೆಗೆ ಕಳಿಸಿದೆ. ಆ ಮನುಷ್ಯನಿಗೂ ನಡಿಗೆ ಬೇಕಾಗಿತ್ತು ಬಿಡಿ. ಆಮೇಲೆ ನಿಧಾನವಾಗಿ ಓಟಕ್ಕೆ ಮರಳಿದರು. ಮಾತ್ರೆ ಶುರುವಾದ ಮೇಲೆ ಓಡಿ ಥಟ್ಟನೆ ನಿಲ್ಲಬಾರದು, ತಲೆ ಸುತ್ತಬಹುದು. ಕೊನೆಯ ಕೆಲವು ನಿಮಿಷ ನಡೆದೇ ಮುಗಿಸಬೇಕು. ಭಾರ ಎತ್ತುವಾಗ ಉಸಿರು ಬಿಗಿ ಹಿಡಿಯಬಾರದು.

ಮಾತ್ರೆಯ ನಾಚಿಕೆ ಮಾತ್ರ ಸುಲಭಕ್ಕೆ ಹೋಗಲಿಲ್ಲ. "ಒಂದ್ಸಲ ಶುರು ಮಾಡಿದ್ರೆ ಸಾಯೋ ತನಕ ಬಿಡಕಾಗಲ್ಲ ಕಣಮ್ಮ" ಎಂದು ಅತ್ತೆ ಹೆದರಿಸಿದ್ದರು. ನಾನು ಕೇಳಿದೆ, ನಿಮ್ಮಪ್ಪ ಮಾತ್ರೆ ತಗೋತಿದ್ರಾ? ಇಲ್ಲ, ಅವರಿಗೆ ಬಿಪಿ ಇದೆ ಅಂತಲೇ ಗೊತ್ತಿರಲಿಲ್ಲ. ಅದನ್ನು ಹೇಳಿದವರು ತುಂಬ ಹೊತ್ತು ಸುಮ್ಮನಿದ್ದರು. ಮೊದಲ ಮಾತ್ರೆಗೆ ಪಾದ ಊದಿಕೊಂಡಾಗ ಮತ್ತೆ ಗುಟ್ಟಾಗಿ ಬಿಡಲು ಹೊರಟಿದ್ದರು. ಬಿಡಬೇಡಿ, ಹೋಗಿ ಹೇಳಿ ಎಂದೆ. ಡಾಕ್ಟರು ಬೇರೆ ಮಾತ್ರೆಗೆ ಬದಲಿಸಿದರು, ಊತ ಇಳಿಯಿತು. ಮಾತ್ರೆ ಡಬ್ಬಿ ಈಗ ಹಲ್ಲುಜ್ಜುವ ಬ್ರಷ್ಷಿನ ಪಕ್ಕದ ಗೂಡಿನಲ್ಲಿದೆ. ದುಡ್ಡಿನ ಚಿಂತೆ ಇರುವವರಿಗೆ ಒಂದು ಮಾತು: ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ 30 ದಾಟಿದವರಿಗೆ ಬಿಪಿ ತಪಾಸಣೆಯೂ ಮಾತ್ರೆಯೂ ಉಚಿತ.

ಈಗ ಮನೆಯ ಸರಾಸರಿ 130ರ ಆಸುಪಾಸಿನಲ್ಲಿದೆ. ಗೊಣಗುವುದು ನಿಂತಿಲ್ಲ. ಉಪ್ಪಿನಕಾಯಿ ಜಾಡಿಯ ವಿಷಯದಲ್ಲಿ ಇನ್ನೂ ರಾಜಿ ಆಗಿಲ್ಲ. ಶಾಲೆಯ ಹುಡುಗಿಯರಿಗೆ ಹೇಳಬೇಕಾ ಎಂದು ಕೇಳಿದಾಗ, ನಿಮಗೆ ಬೇಕೆನಿಸಿದರೆ ಮಾತ್ರ ಎಂದಿದ್ದೆ. ಇಲ್ಲಿಯವರೆಗೆ ಹೇಳಿಲ್ಲ, ಹೇಳಲೇಬೇಕೆಂದೂ ಇಲ್ಲ. ನಾನು ಒತ್ತಾಯ ಮಾಡಿದ್ದು ಒಂದಕ್ಕೆ: ಒಡಹುಟ್ಟಿದವರ ಬಿಪಿ ನೋಡಿಸಿ. ಅಕ್ಕ ನೋಡಿಸಿಕೊಂಡರು, ಸರಿಯಾಗಿದೆ. ಲಾರಿ ಓಡಿಸುವ ತಮ್ಮ ಮಾತ್ರ ಪುರಸೊತ್ತಿಲ್ಲ ಎಂದು ತಪ್ಪಿಸಿಕೊಳ್ಳುತ್ತಿದ್ದಾನೆ. "ಗೌರಿ ಹಬ್ಬಕ್ಕೆ ಬಾಗಿನ ತಗೊಂಡು ಬರ್ಲಿ ಮೇಡಂ, ಊಟಕ್ಕೆ ಮುಂಚೆ ಪಟ್ಟಿ ಕಟ್ತೀನಿ" ಎಂದಿದ್ದಾರೆ.