ಅಜಿನ್‌ಕೋರ್ಟ್‌ನಲ್ಲಿ ಫ್ರೆಂಚರು 12,000ವೋ, 30,000ವೋ?

ಎರಡು ಲೆಕ್ಕ ಕೊಟ್ಟವರೂ ಬೇರೆ ಬೇರೆ ಜನರನ್ನು ಎಣಿಸಿರಬೇಕು. ಇಂಗ್ಲಿಷರಿಗೂ ಫ್ರೆಂಚರಿಗೂ ನಡೆದ 1415ರ ಅಜಿನ್‌ಕೋರ್ಟ್ ಕದನದ ಫ್ರೆಂಚ್ ಸೈನ್ಯ ಒಂದು ಕಡೆ 12,000, ಇನ್ನೊಂದು ಕಡೆ 30,000 ಎಂದಿದೆ, ಕ್ವಿಜ್‌ಗೆ ಯಾವುದನ್ನು ಸರಿ ಉತ್ತರ ಮಾಡಲಿ ಎಂದು ಕೇಳಿದ್ದೀರಿ.

ಮೊದಲು 30,000 ಯಾರ ಲೆಕ್ಕ ಅಂತ ನೋಡಿ. ಆ ಕಾಲದ ಬರಹಗಾರರದ್ದಾದರೆ ಬಿಟ್ಟುಬಿಡಿ. ಇಂಗ್ಲೆಂಡಿನ ರಾಜ ಐದನೇ ಹೆನ್ರಿಯ ಜೊತೆಗಿದ್ದ ಪಾದ್ರಿಯೊಬ್ಬ 60,000 ಎಂದೇ ಬರೆದಿದ್ದಾನೆ. ಅವನು ಇದ್ದದ್ದು ಹಿಂದೆ, ಸಾಮಾನು ಗಾಡಿಗಳ ಹತ್ತಿರ!

ಈಗಿನ ಇತಿಹಾಸಕಾರರದ್ದಾದರೆ, ಕವಚ ತೊಟ್ಟ ಯೋಧರಾದ ನೈಟ್‌ಗಳ ಜೊತೆ ಬಂದ ಆಯುಧ ಹಿಡಿದ ಸೇವಕರನ್ನೂ ಸೇರಿಸಿದ್ದಾರಾ ನೋಡಿ. ಆನ್ ಕರಿ ಸುಮಾರು 12,000 ಎನ್ನುತ್ತಾರೆ. ಕ್ಲಿಫರ್ಡ್ ರೋಜರ್ಸ್ ಆ ಸೇವಕರನ್ನೂ ಸೇರಿಸಿ ಅದರ ಎರಡರಷ್ಟು ಹೇಳುತ್ತಾರೆ. ಈ ವಾದ ಇನ್ನೂ ಮುಗಿದಿಲ್ಲ. ಇಂಗ್ಲಿಷರ ಕಡೆ ಇಷ್ಟು ಗೊಂದಲ ಇಲ್ಲ, ಏಕೆಂದರೆ ಸಂಬಳದ ದಾಖಲೆಗಳು ಬಹಳಷ್ಟು ಉಳಿದಿವೆ. ಅದಕ್ಕೆ ಮೊದಲು ಫ್ರಾನ್ಸಿನ ಹಾರ್ಫ್ಲರ್ ಬಂದರಿನ ಮುತ್ತಿಗೆಯಲ್ಲಿ ರಕ್ತಭೇದಿ ಹರಡಿ ಜನ ಕಡಿಮೆಯಾದ ಮೇಲೆ, ಕದನಕ್ಕೆ ಸಿಕ್ಕವರು 6,000ದಿಂದ 9,000. ಅದರಲ್ಲಿ ಐವರಿಗೆ ನಾಲ್ವರು ಬಿಲ್ಲುಗಾರರು.

ಹಾಗಾಗಿ ಸಂಖ್ಯೆಯ ಪ್ರಶ್ನೆಯನ್ನೇ ತೆಗೆದುಬಿಡಿ. ಒಂದೇ ಸರಿ ಉತ್ತರ ಇಟ್ಟರೆ ಚೆನ್ನಾಗಿ ಓದಿಕೊಂಡು ಬಂದವರಿಗೇ ಅನ್ಯಾಯ ಆಗುತ್ತೆ, ಅಲ್ವಾ? ಬದಲಿಗೆ ಜಾಸ್ತಿ ಜನರಿದ್ದೂ ಫ್ರೆಂಚರು ಏಕೆ ಸೋತರು ಎಂದು ಕೇಳಿ. ಎರಡೂ ಬದಿ ಕಾಡು, ನಡುವೆ ಉತ್ತ ಹೊಲ, ಹಿಂದಿನ ರಾತ್ರಿ ಮಳೆ. ಭಾರದ ಕವಚ ತೊಟ್ಟವರು ಕೆಸರಿನಲ್ಲಿ ನಡೆದು ಬಂದರು. ಬಾಣಗಳ ಸುರಿಮಳೆ, ಹಿಂದಿನವರ ನೂಕು, ಕತ್ತಿ ಬೀಸಲೂ ಜಾಗವಿಲ್ಲ. ಕೆಸರು, ಇಕ್ಕಟ್ಟು, ಬಿಲ್ಲುಗಾರರು: ಮೂರರಲ್ಲಿ ಎರಡು ಹೇಳಿದರೂ ಪೂರ್ತಿ ಅಂಕ ಕೊಡಿ.