ಓದುಗರ ಪ್ರಶ್ನೆ: ನೆಪ್ಚೂನ್ ಆಚೆಯ ಕಾಲ್ಪನಿಕ ನಾಡು

ಪ್ರಶ್ನೆ: ಸೂರ್ಯನಿಂದ ಭೂಮಿಗಿರುವ ದೂರದ 40 ಪಟ್ಟು ಆಚೆ, ಮಂಜುಗಡ್ಡೆಯ ಸಣ್ಣ ಕಾಯಗಳು ಸೂರ್ಯನನ್ನು ಸುತ್ತುವ ಕೈಪರ್ ಪಟ್ಟಿಯಲ್ಲಿ ನಡೆಯುವ ಕತೆ ಬರೆಯುತ್ತಿದ್ದೇನೆ. ಆ ನಾಡಿನ ಭೂಗೋಳ, ಇತಿಹಾಸ ನಂಬುವಂತಿರಲು ಏನು ಮಾಡಬೇಕು?
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ನಕ್ಷೆ ಬರೆಯುವ ಮೊದಲು ಅಳತೆ ಹಿಡಿಯಿರಿ. ಸೂರ್ಯನನ್ನು 7 ಸೆಂ.ಮೀ. ಚೆಂಡು ಎಂದುಕೊಂಡು ಪ್ಲಾಟ್‌ಫಾರಂನ ಒಂದು ತುದಿಯಲ್ಲಿಡಿ. ಭೂಮಿ ಏಳೂವರೆ ಮೀಟರ್ ದೂರದಲ್ಲಿ ಒಂದು ರವೆಕಾಳು. ನಿಮ್ಮ ನಾಡು 300 ಮೀಟರ್ ಆಚೆ, ಹೆಚ್ಚುಕಡಿಮೆ ಹದಿನೈದು ಡಬ್ಬಿಯ ಮುಂಬೈ ಲೋಕಲ್ ರೈಲಿನ ಉದ್ದ. ಅತಿ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ ಮಾತ್ರ ಇದೇ ಅಳತೆಯಲ್ಲಿ 2,000 ಕಿ.ಮೀ. ದೂರ!

ಅಲ್ಲಿ ಕಗ್ಗತ್ತಲೆ ತುಂಬಬೇಡಿ. ಬಿಸಿಲು ನಮ್ಮದರ 1,600ರಲ್ಲಿ ಒಂದು ಪಾಲು, ಆದರೂ ಹುಣ್ಣಿಮೆ ಬೆಳಕಿನ ಸುಮಾರು 250 ಪಟ್ಟು, ಪುಸ್ತಕ ಓದಬಹುದು. ಬಂಡೆಗಳ ನೂಕುನುಗ್ಗಲೂ ಬೇಡ. 2015ರಲ್ಲಿ ಪ್ಲೂಟೊ ದಾಟಿದ ನ್ಯೂ ಹೊರೈಜನ್ಸ್ ನೌಕೆ ಮುಂದಿನ ಗುರಿಯಾದ ಆರೊಕೊತ್ ಎಂಬ ಪುಟ್ಟ ಕಾಯವನ್ನು ತಲುಪಿದ್ದು 2019ರ ಜನವರಿ 1ರಂದು, ಅಲ್ಲಿನ ಕಾಯಗಳು ಅಷ್ಟು ದೂರದೂರ. ನೆಲ ನೀರಿನ ಮಂಜುಗಡ್ಡೆಯದೇ ಇರಲಿ, ಆ ಚಳಿಯಲ್ಲಿ ಅದು ಕಲ್ಲಿನಷ್ಟೇ ಗಟ್ಟಿ.

ಹೆಚ್ಚಿನ ಕತೆಗಳು ಎಡವುವುದು ಸಂಭಾಷಣೆಯಲ್ಲಿ. ಭೂಮಿಗೆ ಒಂದು ಮಾತು ಮುಟ್ಟಲು ಐದೂವರೆ ಗಂಟೆ, ಉತ್ತರಕ್ಕೆ ಮತ್ತೆ ಅಷ್ಟೇ. ಹಾಗಾಗಿ ಫೋನ್ ಮಾತುಕತೆ ಬಿಟ್ಟು ಪತ್ರ ಬರೆಸಿ. ಅಲ್ಲಿನ ಒಂದು ವರ್ಷವೆಂದರೆ ನಮ್ಮ 250 ವರ್ಷ. 1930ರಲ್ಲಿ ಕಂಡ ಪ್ಲೂಟೊ ಇನ್ನೂ ಒಂದು ಸುತ್ತು ಮುಗಿಸಿಲ್ಲ. ನಿಮ್ಮ ನಾಡಿನ ಇತಿಹಾಸವನ್ನು ತಲೆಮಾರುಗಳಲ್ಲಿ ಎಣಿಸಿ.